ಅಜ್ಜಿಯ ಕೆಮ್ಮು ಅಳಿಸಿದ್ದೆವು: ದನಿ ಕತ್ತರಿಸುವ ವಿದ್ಯೆಯ ಹಿಂದಿನ ಕಥೆ

ಕೆಲವು ವರ್ಷಗಳ ಹಿಂದೆ ಜಗಳೂರು ತಾಲ್ಲೂಕಿನ ಸೊಕ್ಕೆಗೆ ನಾವು ಬೆಳೆ ಒಣಗಿದ ಸುದ್ದಿ ಮಾಡಲು ಹೋಗಿದ್ದೆವು. ಹೊಲ ನೋಡಿ, ರೈತರ ಮಾತು ಬರೆದುಕೊಂಡು, ಬಿಸಿಲಿಗೆ ಸಾಕಾಗಿ ಒಂದು ಮನೆಯ ಕಟ್ಟೆಯ ಮೇಲೆ ಕೂತೆವು. ನೀರು ಕೊಟ್ಟ ಅಜ್ಜಿ ಮಾತಿಗೆ ಮಾತು ಬಂದು, ಬೀಸುವ ಕಲ್ಲಿನ ಪದ ಹೇಳತೊಡಗಿದರು. ಕಲ್ಲು ಮೂಲೆ ಸೇರಿ ಎಷ್ಟೋ ವರ್ಷವಾಗಿತ್ತು, ಪದ ಮಾತ್ರ ಬಾಯಲ್ಲಿತ್ತು. ನಾವು ಫೋನ್ ತೆಗೆದು ರೆಕಾರ್ಡ್ ಒತ್ತಿದೆವು. ಮುಕ್ಕಾಲು ಗಂಟೆ ಹಾಡಿದರು.

ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿ ಕೇಳಿದರೆ ಹಾಡಿನ ನಡುವೆ ಕೆಮ್ಮು, ಕೋಳಿ ಕೂಗು, ಬೈಕಿನ ಸದ್ದು, ಅಜ್ಜಿ ಮೊಮ್ಮಗಳನ್ನು ಕರೆದು ಗದರಿಸಿದ್ದು, ಮರೆತ ಸಾಲು ನೆನೆಸಿಕೊಳ್ಳುತ್ತ ಸುಮ್ಮನೆ ಕೂತಿದ್ದು ಎಲ್ಲ ಇತ್ತು. ನಾವು ಜಾಣರಲ್ಲವೇ? ಎಲ್ಲವನ್ನೂ ಕತ್ತರಿಸಿದೆವು. ಹಿಂದಿನ ಗದ್ದಲ ತೆಗೆಯುವ ಬಟನ್ ಒತ್ತಿದೆವು. ಹನ್ನೆರಡು ನಿಮಿಷದ ಚೊಕ್ಕ ಹಾಡು ಉಳಿಯಿತು. ಅದೇ ಹೆಸರಿನಲ್ಲಿ ಸೇವ್ ಮಾಡಿದೆವು. ಫೋನಿನಲ್ಲಿ ಜಾಗ ಇರಲಿಲ್ಲ, ಅಲ್ಲಿದ್ದದ್ದನ್ನೂ ಅಳಿಸಿದೆವು.

ಅಜ್ಜಿ ತೀರಿಕೊಂಡ ಮೇಲೆ ಆ ಮನೆಯವರು ಫೋನ್ ಮಾಡಿದರು. ಕಳಿಸಿದ ಹಾಡು ಕೇಳಿದರು, ಸಂತೋಷಪಟ್ಟರು. ಆಮೇಲೆ ಮೊಮ್ಮಗಳು ಕೇಳಿದಳು: ‘ಅಜ್ಜಿ ನನ್ನ ಹೆಸರು ಹಿಡಿದು ಕೂಗಿದ್ದು ಇತ್ತಲ್ಲಣ್ಣ, ಅದು ಎಲ್ಲೈತಿ?’

ಅದು ಎಲ್ಲೂ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡಲಾಗದೆ ನಾವು ಇದರ ಹಿಂದೆ ಬಿದ್ದೆವು. ದನಿಯನ್ನು ಕತ್ತರಿಸಿದರೆ ಕತ್ತರಿಸಿದ ಚೂರು ಎಲ್ಲಿ ಹೋಗುತ್ತದೆ? ಎಲ್ಲ ಕಾಲದಲ್ಲೂ ಹೀಗೇ ಕಳೆದುಹೋಗುತ್ತಿತ್ತೇ? ಈ ಬರಹ ಅದರ ಕಥೆ.

ಎರಡು ಬಗೆಯ ಕತ್ತರಿ

ಮೊದಲು ವಿಷಯ ಸರಳವಾಗಿ ಹೇಳಿಬಿಡುತ್ತೇವೆ. ಧ್ವನಿ ಎಡಿಟಿಂಗಿನಲ್ಲಿ ಎರಡು ದಾರಿ ಇವೆ.

ಒಂದು ಡಿಸ್ಟ್ರಕ್ಟಿವ್ ಎಡಿಟಿಂಗ್. ನಾವು ಇದನ್ನು ‘ಅಳಿಸುವ ಎಡಿಟಿಂಗ್’ ಎನ್ನೋಣ. ಇಲ್ಲಿ ಕತ್ತರಿ ನೇರವಾಗಿ ಮೂಲ ಫೈಲಿಗೇ ಬೀಳುತ್ತದೆ. ಕೆಮ್ಮು ತೆಗೆದು ಸೇವ್ ಮಾಡಿದರೆ ಫೈಲಿನಲ್ಲಿ ಕೆಮ್ಮು ಇರುವುದೇ ಇಲ್ಲ. ದನಿ ಜೋರು ಮಾಡಿದರೆ ಫೈಲಿನೊಳಗಿನ ಅಂಕಿಗಳೇ ಬದಲಾಗುತ್ತವೆ.

ಇನ್ನೊಂದು ನಾನ್-ಡಿಸ್ಟ್ರಕ್ಟಿವ್ ಎಡಿಟಿಂಗ್, ‘ಉಳಿಸುವ ಎಡಿಟಿಂಗ್’. ಇಲ್ಲಿ ಮೂಲ ಫೈಲನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಒಂದು ಚೀಟಿ ಬರೆದಿಟ್ಟಂತೆ: ‘3ನೇ ನಿಮಿಷದಿಂದ 5ನೇ ನಿಮಿಷದವರೆಗೆ ನುಡಿಸು, ಆಮೇಲೆ 9ನೇ ನಿಮಿಷಕ್ಕೆ ಹಾರು, ಇಲ್ಲಿ ಸ್ವಲ್ಪ ಜೋರು ಮಾಡು.’ ಕೇಳುವಾಗ ಸಾಫ್ಟ್‌ವೇರ್ ಆ ಚೀಟಿ ಓದಿಕೊಂಡು ನುಡಿಸುತ್ತದೆ. ಚೀಟಿ ಹರಿದರೆ ಮೂಲ ಮತ್ತೆ ಇದ್ದಂತೆಯೇ ಸಿಗುತ್ತದೆ.

ಇಷ್ಟೇ ವ್ಯತ್ಯಾಸ. ಕತ್ತರಿಯ ಗುರುತು ವಸ್ತುವಿನ ಮೇಲೇ ಬೀಳುತ್ತದೋ, ಪಕ್ಕದ ಚೀಟಿಯ ಮೇಲೆ ಬೀಳುತ್ತದೋ. ಇದೇನು ಕಂಪ್ಯೂಟರ್ ತಂದ ಹೊಸ ಯೋಚನೆಯಲ್ಲ. ನಮ್ಮ ಕನ್ನಡ ಬರವಣಿಗೆಯಲ್ಲೇ ಎರಡೂ ಹಳೆಯವು.

ಕಡತವೂ ಹಂಸಪಾದವೂ

ಕಂಪ್ಯೂಟರ್ ಫೈಲಿಗೆ ಕನ್ನಡದಲ್ಲಿ ‘ಕಡತ’ ಎನ್ನುತ್ತೇವೆ. ತಾಲ್ಲೂಕು ಕಚೇರಿಯಲ್ಲಿ ‘ನಿಮ್ಮ ಕಡತ ಮುಂದೆ ಹೋಗಿಲ್ಲ’ ಎನ್ನುವುದನ್ನು ಕೇಳದವರು ಯಾರು? ಆದರೆ ಹಳೆಯ ಕಡತ ಎಂದರೆ ಕಾಗದವಲ್ಲ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಸೇರಿಸಿ ಎರಡೂ ಕಡೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ ಅದು. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು. ವ್ಯಾಪಾರಿಗಳು, ಶಾನುಭೋಗರು, ಮಠಗಳು ಲೆಕ್ಕ ಇಡುತ್ತಿದ್ದದ್ದು ಇದರಲ್ಲಿ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ಚೆನ್ನಾಗಿ ಗೊತ್ತು. ಮೈಸೂರಿನ ಇತಿಹಾಸ ಬರೆದ ಮಾರ್ಕ್ ವಿಲ್ಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 1810ರ ತನ್ನ ಪುಸ್ತಕದಲ್ಲಿ ಈ ಕಡತವನ್ನು ವರ್ಣಿಸಿದ್ದಾನೆ.

ಕಡತದ ಗುಣ ಏನೆಂದರೆ, ಬೇಡವಾದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಜೋಪಾನ ಮಾಡಿದರೆ ಬಹುಕಾಲ ಬಾಳುತ್ತದೆ, ಒರೆಸಿದರೆ ಒಂದು ಕ್ಷಣದಲ್ಲಿ ಹೋಗುತ್ತದೆ. ನಮ್ಮ ಇಂದಿನ ಕಂಪ್ಯೂಟರ್ ಕಡತವೂ ಥೇಟ್ ಹಾಗೇ. ಇದು ಅಳಿಸುವ ಎಡಿಟಿಂಗ್.

ಇನ್ನು ಹಂಸಪಾದ. ಓಲೆಗರಿಯಲ್ಲಿ ಕಂಠದಿಂದ ಕೊರೆದು ಬರೆಯುವವನು ಒಂದು ಅಕ್ಷರ ಬಿಟ್ಟರೆ ಒರೆಸುವ ಹಾಗಿಲ್ಲ. ಆತ ಆ ಜಾಗದಲ್ಲಿ ಒಂದು ಸಣ್ಣ ಗುರುತು ಹಾಕಿ, ಬಿಟ್ಟುಹೋದದ್ದನ್ನು ಮೇಲೆಯೋ ಅಂಚಿನಲ್ಲೋ ಬರೆಯುತ್ತಿದ್ದ. ನಮ್ಮ ಹಿರಿಯ ಮೇಷ್ಟ್ರುಗಳು ಕಾಗದದ ಮೇಲೂ ಹೀಗೇ ಹಂಸಪಾದ ಹಾಕುತ್ತಿದ್ದರು. ಮೊದಲು ಏನು ಬರೆದಿತ್ತು, ಆಮೇಲೆ ಏನು ಸೇರಿತು ಎಂದು ಎರಡೂ ಕಾಣುತ್ತವೆ. ಇದು ಉಳಿಸುವ ಎಡಿಟಿಂಗ್.

ಶಾಸನಗಳ ಸಂಗತಿಯೂ ಅಷ್ಟೇ. ಜಗಳೂರು ಸೀಮೆಯ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟದಲ್ಲಿ, ಚಿತ್ರದುರ್ಗ ಜಿಲ್ಲೆಯ ಸಂಪುಟದಲ್ಲಿ ಇವೆ. ಆಗ ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಶಾಸನ ಓದುವವರು ಕಲ್ಲನ್ನು ಕೆರೆಯುವುದಿಲ್ಲ. ಒದ್ದೆ ಕಾಗದ ಹೊದಿಸಿ, ಬಡಿದು, ಮಸಿ ಸವರಿ ಅಚ್ಚು ಪ್ರತಿ ತೆಗೆಯುತ್ತಾರೆ. ಮುಂದಿನ ಓದು, ತಿದ್ದುಪಡಿ, ವಾದವಿವಾದ ಎಲ್ಲ ಪ್ರತಿಯ ಮೇಲೆ. ಕಲ್ಲು ಅಲ್ಲೇ ಇರುತ್ತದೆ.

ದನಿಯ ವಿಷಯದಲ್ಲಿ ಮಾತ್ರ ನಾವು ಈ ಶಿಸ್ತು ಕಲಿಯಲು ತಡವಾಯಿತು.

ಕಾಗದಕ್ಕೆ ಬಂದ ಹಾಡು, ಬಿಟ್ಟುಹೋದ ದನಿ

ರೆಕಾರ್ಡಿಂಗ್ ಯಂತ್ರ ಬರುವ ಮೊದಲು ಹಳ್ಳಿಯ ಹಾಡು ಹಿಡಿಯಲು ಇದ್ದದ್ದು ಲೇಖನಿ ಒಂದೇ. 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಎಂಬ ಅಧಿಕಾರಿ ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿ ಬರೆಸಿಕೊಂಡು ಪ್ರಕಟಿಸಿದ. 1931ರಲ್ಲಿ ಹಲಸಂಗಿ ಗೆಳೆಯರು ‘ಗರತಿಯ ಹಾಡು’ ತಂದರು. ವಿಜಯಪುರ ಸೀಮೆಯ ಹೆಣ್ಣುಮಕ್ಕಳ ತ್ರಿಪದಿಗಳು ಪುಸ್ತಕವಾದವು.

ಅವರು ಬರೆಯದಿದ್ದರೆ ಆ ಹಾಡು ಇಂದು ನಮಗೆ ಇರುತ್ತಿರಲಿಲ್ಲ. ಆದರೆ ಲೇಖನಿಗೆ ಅಕ್ಷರ ಮಾತ್ರ ಸಿಗುತ್ತದೆ. ಯಾವ ಹೆಣ್ಣುಮಗಳು ಯಾವ ಸಾಲಿನಲ್ಲಿ ಉಸಿರು ಎಳೆದಳು, ಎಲ್ಲಿ ನಕ್ಕಳು, ಕಲ್ಲಿನ ಗರಗರ ಸದ್ದಿಗೆ ಪದ ಹೇಗೆ ಕೂಡಿತು ಎಂಬುದು ಕಾಗದಕ್ಕೆ ಬರಲಿಲ್ಲ. ಅದು ಬರೆದವರ ತಪ್ಪಲ್ಲ, ಕೈಯಲ್ಲಿದ್ದ ಸಾಧನದ ಮಿತಿ.

ಕತ್ತರಿಸಲಾಗದ ಪ್ಲೇಟು

ಭಾರತದಲ್ಲಿ ಗ್ರಾಮೊಫೋನ್ ಕಂಪನಿಯ ಧ್ವನಿಮುದ್ರಣ ಶುರುವಾದದ್ದು 1902ರಲ್ಲಿ, ಕಲ್ಕತ್ತಾದಲ್ಲಿ. ಫ್ರೆಡ್ ಗೈಸ್‌ಬರ್ಗ್ ಎಂಬಾತ ಯಂತ್ರ ಹೊತ್ತು ತಂದು ಗೌಹರ್ ಜಾನ್ ಹಾಡು ಮುದ್ರಿಸಿದ. ಈ ಗೌಹರ್ ಜಾನ್ ಕೊನೆಗಾಲದಲ್ಲಿ ನಮ್ಮ ಮೈಸೂರು ಅರಮನೆಯ ಆಶ್ರಯಕ್ಕೆ ಬಂದವರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಆ ಕಾಲದ ಮುದ್ರಣದಲ್ಲಿ ಎಡಿಟಿಂಗ್ ಎಂಬುದೇ ಇರಲಿಲ್ಲ. ದೊಡ್ಡ ಕೊಳವೆಯ ಮುಂದೆ ಹಾಡಬೇಕು, ಸೂಜಿ ಮೇಣದ ಮೇಲೆ ಗೀರು ಕೊರೆಯುತ್ತದೆ. ತಪ್ಪಿದರೆ ಮೇಣದ ಪ್ಲೇಟು ಬಿಸಾಡಿ ಮತ್ತೆ ಮೊದಲಿಂದ ಹಾಡಬೇಕು. ಒಂದು ಬದಿಗೆ ಸುಮಾರು ಮೂರು ನಿಮಿಷ ಮಾತ್ರ ಹಿಡಿಯುತ್ತಿತ್ತು. ಗಂಟೆಗಟ್ಟಲೆ ಹಾಡುವ ರಾಗ ಮೂರು ನಿಮಿಷಕ್ಕೆ ಕುಗ್ಗಬೇಕಾಯಿತು. ಅಂದರೆ ಕತ್ತರಿ ಪ್ಲೇಟಿಗೆ ಬೀಳಲಿಲ್ಲ, ಹಾಡುವವರ ಗಂಟಲಿಗೇ ಬಿತ್ತು. ಗೌಹರ್ ಜಾನ್ ಹಾಡಿನ ಕೊನೆಗೆ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳುತ್ತಿದ್ದದ್ದು ಈಗಲೂ ಆ ಮುದ್ರಿಕೆಗಳಲ್ಲಿ ಕೇಳುತ್ತದೆ. ಹಾಡಲ್ಲದ ಆ ಒಂದು ಮಾತನ್ನೇ ಇಂದು ಎಲ್ಲರೂ ಮೊದಲು ನೆನೆಯುತ್ತಾರೆ. ನಾವು ಅಳಿಸಿದ ‘ಹಾಡಲ್ಲದ’ ಮಾತುಗಳು ಇಲ್ಲಿ ನೆನಪಾಗುತ್ತವೆ.

1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರು ಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಇಡೀ ದೇಶದ ರೇಡಿಯೊಗೆ ಬರುವ ಮೊದಲು ಆ ಮನೆಯ ಕೇಂದ್ರಕ್ಕಿತ್ತು. ಅಂದಿನ ರೇಡಿಯೊ ಹೆಚ್ಚಾಗಿ ನೇರ ಪ್ರಸಾರ. ಕಲಾವಿದರು ಬಂದು ಮೈಕಿನ ಮುಂದೆ ಹಾಡಬೇಕು. ದನಿ ಗಾಳಿಗೆ ಹೋದರೆ ಹೋಯಿತು. ಅಳಿಸಲೂ ಇಲ್ಲ, ಉಳಿಸಲೂ ಇಲ್ಲ.

ಬ್ಲೇಡು ಬಂತು

ದನಿಯನ್ನು ಸುಲಭವಾಗಿ ಕತ್ತರಿಸಲು ಸಾಧ್ಯವಾದದ್ದು ಟೇಪ್ ಬಂದ ಮೇಲೆ. 1935ರಲ್ಲಿ ಜರ್ಮನಿಯ ಎಇಜಿ ಕಂಪನಿ ಬರ್ಲಿನ್ ರೇಡಿಯೊ ಮೇಳದಲ್ಲಿ ಮ್ಯಾಗ್ನೆಟೊಫೋನ್ ಎಂಬ ಟೇಪ್ ಯಂತ್ರ ತೋರಿಸಿತು. ಯುದ್ಧ ಮುಗಿದ ಮೇಲೆ ಜಾಕ್ ಮಲ್ಲಿನ್ ಎಂಬ ಅಮೆರಿಕನ್ ಸೈನಿಕ ಎಂಜಿನಿಯರ್ ಆ ಯಂತ್ರಗಳನ್ನು ತನ್ನ ದೇಶಕ್ಕೆ ಸಾಗಿಸಿದ. 1947ರಲ್ಲಿ ಬಿಂಗ್ ಕ್ರಾಸ್ಬಿ ಎಂಬ ಗಾಯಕನ ರೇಡಿಯೊ ಕಾರ್ಯಕ್ರಮ ಟೇಪಿನಲ್ಲಿ ಮುದ್ರಣವಾಗಿ, ಕತ್ತರಿಸಿ ಜೋಡಿಸಿ ಪ್ರಸಾರವಾಯಿತು.

ಕೆಲಸ ಹೀಗಿತ್ತು. ಟೇಪ್ ಸೆಕೆಂಡಿಗೆ 15 ಇಂಚು ಓಡುತ್ತದೆ ಎನ್ನಿ. ಅರ್ಧ ಸೆಕೆಂಡಿನ ಕೆಮ್ಮು ಎಂದರೆ ಏಳೂವರೆ ಇಂಚು ಟೇಪು. ಎಂಜಿನಿಯರ್ ಎರಡೂ ಸುರುಳಿಗಳನ್ನು ಕೈಯಲ್ಲಿ ಹಿಂದೆ ಮುಂದೆ ತಿರುಗಿಸಿ ಕೆಮ್ಮು ಎಲ್ಲಿ ಶುರುವಾಗುತ್ತದೆ ಎಂದು ಕಿವಿಯಿಂದ ಹುಡುಕುತ್ತಾನೆ. ಮೇಣದ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾನೆ. ಟೇಪನ್ನು ಗಾಡಿ ಇರುವ ಸಣ್ಣ ಲೋಹದ ತುಂಡಿನ ಮೇಲಿಟ್ಟು, ಕ್ಷೌರದ ಬ್ಲೇಡಿನಿಂದ ಓರೆಯಾಗಿ ಕೊಯ್ಯುತ್ತಾನೆ. ಎರಡು ತುದಿ ಸೇರಿಸಿ ಹಿಂದೆ ಅಂಟುಪಟ್ಟಿ ಹಚ್ಚುತ್ತಾನೆ. ಓರೆ ಕೊಯ್ದರೆ ಜೋಡಣೆ ಕಿವಿಗೆ ಟಕ್ ಎನ್ನುವುದಿಲ್ಲ.

ನಮ್ಮ ಕಡೆ ಧಾರವಾಡ ಆಕಾಶವಾಣಿ 1950ರಲ್ಲಿ, ಬೆಂಗಳೂರು 1955ರಲ್ಲಿ, ಭದ್ರಾವತಿ 1965ರಲ್ಲಿ ಶುರುವಾದವು. ಮುಂದಿನ ದಶಕಗಳ ರೇಡಿಯೊ ಕೆಲಸವೆಲ್ಲ ಟೇಪಿನ ಸುರುಳಿಯ ಮೇಲೆ ನಡೆಯಿತು.

ಬ್ಲೇಡು ನೋಡಲು ಕ್ರೂರ. ಆದರೆ ಕೊಯ್ದ ಏಳೂವರೆ ಇಂಚು ಟೇಪು ಕೈಯಲ್ಲೇ ಇರುತ್ತದೆ. ತಪ್ಪಾಗಿದ್ದರೆ ಮತ್ತೆ ಅಂಟಿಸಬಹುದು. ನಿಜವಾದ ಅಪಾಯ ಇದ್ದದ್ದು ಬ್ಲೇಡಿನಲ್ಲಲ್ಲ, ಅಳಿಸುವ ಯಂತ್ರದಲ್ಲಿ. ಟೇಪ್ ದುಬಾರಿ. ಪ್ರಸಾರ ಮುಗಿದ ಸುರುಳಿಯನ್ನು ಅಯಸ್ಕಾಂತದಿಂದ ಅಳಿಸಿ ಮತ್ತೆ ಬಳಸುವುದು ಜಗತ್ತಿನ ದೊಡ್ಡ ಸಂಸ್ಥೆಗಳಲ್ಲೂ ರೂಢಿಯಾಗಿತ್ತು. ಬಿಬಿಸಿ ತನ್ನ ಎಷ್ಟೋ ಹಳೆಯ ಕಾರ್ಯಕ್ರಮಗಳನ್ನು ಹೀಗೆ ಕಳೆದುಕೊಂಡಿತು. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಮೂಲ ದತ್ತಾಂಶ ಟೇಪುಗಳನ್ನು ಬಹುಶಃ ಅಳಿಸಿ ಮರುಬಳಸಲಾಗಿದೆ ಎಂದು ನಾಸಾ 2009ರಲ್ಲಿ ಒಪ್ಪಿಕೊಂಡಿತು. ಚಂದ್ರನಿಗೆ ಹೋದವರ ಟೇಪಿಗೇ ಈ ಗತಿ ಬಂದರೆ, ಸೊಕ್ಕೆಯ ಅಜ್ಜಿಯ ಹಾಡಿನ ಪಾಡೇನು?

ಕ್ಯಾಸೆಟ್ಟಿನ ಹಲ್ಲು

ನಮ್ಮ ಓದುಗರಲ್ಲಿ ಮೂವತ್ತು ದಾಟಿದವರಿಗೆ ಕ್ಯಾಸೆಟ್ ನೆನಪಿರುತ್ತದೆ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಪುಟ್ಟ ಡಬ್ಬಿ ಎಂಬತ್ತರ ದಶಕದಲ್ಲಿ ನಮ್ಮ ಹಳ್ಳಿಹಳ್ಳಿಗೂ ಬಂತು. ಗುರುರಾಜುಲು ನಾಯ್ಡು ಅವರ ಹರಿಕಥೆ ಕ್ಯಾಸೆಟ್ ಹಾಕಿಕೊಂಡು ಊರೆಲ್ಲ ಕೂತು ಕೇಳುತ್ತಿದ್ದ ಕಾಲ ಅದು.

ಕ್ಯಾಸೆಟ್ಟಿನ ಬೆನ್ನಿನ ಮೇಲೆ ಎರಡು ಸಣ್ಣ ಪ್ಲಾಸ್ಟಿಕ್ ಹಲ್ಲು ಇರುತ್ತಿದ್ದವು. ಅವನ್ನು ಮುರಿದರೆ ಟೇಪ್ ರೆಕಾರ್ಡರಿನ ರೆಕಾರ್ಡ್ ಬಟನ್ ಕೆಳಗೆ ಹೋಗುತ್ತಿರಲಿಲ್ಲ. ಅಂಗಡಿಯಿಂದ ತಂದ ಹಾಡಿನ ಕ್ಯಾಸೆಟ್ಟಿಗೆ ಹಲ್ಲು ಇರುತ್ತಿರಲಿಲ್ಲ. ನಾವು ಏನು ಮಾಡುತ್ತಿದ್ದೆವು? ಆ ತೂತಿಗೆ ಸೆಲ್ಲೋಟೇಪ್ ಅಂಟಿಸಿ, ಅಥವಾ ಕಾಗದ ತುರುಕಿ, ಮೇಲೆ ಬೇರೆ ರೆಕಾರ್ಡ್ ಮಾಡುತ್ತಿದ್ದೆವು!

ಮನೆಯವರ ದನಿ ಇದ್ದ ಖಾಲಿ ಕ್ಯಾಸೆಟ್ಟಿನ ಹಲ್ಲು ಮಾತ್ರ ಯಾರೂ ಮುರಿಯಲಿಲ್ಲ. ನಮ್ಮ ಮನೆಯಲ್ಲೇ ತಾತ ಹೇಳಿದ ಕಥೆಯ ಮೇಲೆ ಸಿನಿಮಾ ಹಾಡು ಬಂದು ಕೂತಿತು. ಎರಡು ಹಾಡಿನ ನಡುವೆ ಅರೆಗಳಿಗೆ ತಾತನ ‘ಹಾಂ, ಆಮ್ಯಾಲೆ’ ಎಂಬ ಮಾತು ಕೇಳುತ್ತಿತ್ತು. ಅಷ್ಟೇ ಉಳಿದದ್ದು.

ಹದಿನೆಂಟೂವರೆ ನಿಮಿಷ

ಅಳಿಸಿದ ಟೇಪು ಒಂದು ದೇಶದ ರಾಜಕೀಯವನ್ನೇ ಅಲ್ಲಾಡಿಸಿದ ಕಥೆಯೂ ಇದೆ. ಅಮೆರಿಕದ ಅಧ್ಯಕ್ಷ ನಿಕ್ಸನ್ ತನ್ನ ಕಚೇರಿಯ ಮಾತುಕತೆಯನ್ನು ತಾನೇ ರೆಕಾರ್ಡ್ ಮಾಡಿಸುತ್ತಿದ್ದ. ವಾಟರ್‌ಗೇಟ್ ಹಗರಣದ ತನಿಖೆಯಲ್ಲಿ 1972ರ ಜೂನ್ 20ರ ಟೇಪ್ ಕೇಳಿದರೆ ಹದಿನೆಂಟೂವರೆ ನಿಮಿಷ ಬರೀ ಗುಂಯ್ ಎನ್ನುವ ಸದ್ದು. ನ್ಯಾಯಾಲಯ ಆರು ತಜ್ಞರ ಸಮಿತಿ ನೇಮಿಸಿತು. 1974ರಲ್ಲಿ ಅವರು ಹೇಳಿದರು: ಇದು ಒಮ್ಮೆ ಕೈತಪ್ಪಿ ಆದದ್ದಲ್ಲ, ಕನಿಷ್ಠ ಐದು ಸಲ ಬೇರೆಬೇರೆಯಾಗಿ ಅಳಿಸಲಾಗಿದೆ. ಅಳಿಸಿದ ಮಾತು ಏನೆಂದು ಮಾತ್ರ ಇಂದಿಗೂ ಯಾರಿಗೂ ತಿಳಿದಿಲ್ಲ. ಅಮೆರಿಕದ ರಾಷ್ಟ್ರೀಯ ಪತ್ರಾಗಾರ ಮರಳಿ ಪಡೆಯಲು ಯತ್ನಿಸಿ 2003ರಲ್ಲಿ ಕೈಬಿಟ್ಟಿತು.

ಆ ಆರು ತಜ್ಞರಲ್ಲಿ ಒಬ್ಬ ಥಾಮಸ್ ಸ್ಟಾಕ್‌ಹ್ಯಾಮ್. ಈತನೇ ಮುಂದೆ 1975ರಲ್ಲಿ ಸೌಂಡ್‌ಸ್ಟ್ರೀಮ್ ಎಂಬ ಕಂಪನಿ ಕಟ್ಟಿ ದನಿಯನ್ನು ಅಂಕಿಗಳಾಗಿ ಮುದ್ರಿಸಿ ಕಂಪ್ಯೂಟರಿನಲ್ಲಿ ಎಡಿಟ್ ಮಾಡುವ ದಾರಿ ತೆರೆದ. 1976ರಲ್ಲಿ ಕರೂಸೊ ಎಂಬ ಇಟಲಿಯ ಗಾಯಕನ ಹಳೆಯ ಪ್ಲೇಟುಗಳನ್ನು ಅಂಕಿಗಳಾಗಿ ಬದಲಿಸಿ, ದನಿ ತಿಳಿಗೊಳಿಸಿ ಹೊರತಂದ. ಆ ಕರೂಸೊನನ್ನು 1902ರಲ್ಲಿ ಮುದ್ರಿಸಿದ್ದವನು ಕಲ್ಕತ್ತಾಕ್ಕೆ ಬಂದ ಅದೇ ಗೈಸ್‌ಬರ್ಗ್. ಸ್ಟಾಕ್‌ಹ್ಯಾಮ್ ತಿಳಿಗೊಳಿಸಿದ್ದು ಪ್ರತಿಯನ್ನು, ಹಳೆಯ ಪ್ಲೇಟು ಹಾಗೇ ಇತ್ತು.

ಕಂಪ್ಯೂಟರ್ ಏಕೆ ಮೊದಲು ಅಳಿಸಿತು

ಹಾಗಾದರೆ ಕಂಪ್ಯೂಟರ್ ಬಂದ ಕೂಡಲೇ ಎಲ್ಲರೂ ಉಳಿಸುವ ಎಡಿಟಿಂಗ್ ಮಾಡಬೇಕಿತ್ತಲ್ಲ? ಆಗಲಿಲ್ಲ. ಕಾರಣ ಜಾಗ.

ಲೆಕ್ಕ ನೋಡಿ. ಸಿಡಿ ಗುಣಮಟ್ಟದ ದನಿಯಲ್ಲಿ ಸೆಕೆಂಡಿಗೆ 44,100 ಅಂಕಿ, ಎಡಕ್ಕೂ ಬಲಕ್ಕೂ ಬೇರೆಬೇರೆ. ಒಂದು ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಗಂಟೆಗೆ ಸುಮಾರು 635 ಎಂಬಿ. ತೊಂಬತ್ತರ ದಶಕದ ಸಾಮಾನ್ಯ ಕಂಪ್ಯೂಟರಿನ ಇಡೀ ಹಾರ್ಡ್‌ಡಿಸ್ಕಿಗೆ ಅದು ದೊಡ್ಡ ಹೊರೆ. ಮೂಲವೂ ಇರಲಿ, ತಿದ್ದಿದ್ದೂ ಇರಲಿ ಎಂದರೆ ಜಾಗವಿಲ್ಲ. ಚೀಟಿ ನೋಡಿಕೊಂಡು ಆ ಕ್ಷಣದಲ್ಲೇ ದನಿ ಬದಲಿಸಿ ನುಡಿಸುವ ಶಕ್ತಿ ಪ್ರೊಸೆಸರಿಗೂ ಇಲ್ಲ. ಅದಕ್ಕೇ ಕಡಿಮೆ ಬೆಲೆಯ ಸಾಫ್ಟ್‌ವೇರುಗಳು ಒಮ್ಮೆ ಲೆಕ್ಕ ಮಾಡಿ, ಫಲಿತಾಂಶವನ್ನು ಫೈಲಿನ ಮೇಲೇ ಬರೆದುಬಿಡುತ್ತಿದ್ದವು.

ದುಡ್ಡಿದ್ದ ಸ್ಟುಡಿಯೊಗಳಿಗೆ ಬೇರೆ ದಾರಿ ಸಿಕ್ಕಿತು. ಡಿಜಿಡಿಸೈನ್ ಕಂಪನಿ 1989ರಲ್ಲಿ ಸೌಂಡ್ ಟೂಲ್ಸ್, 1991ರಲ್ಲಿ ಪ್ರೊ ಟೂಲ್ಸ್ ತಂದಿತು. ಹಾರ್ಡ್‌ಡಿಸ್ಕಿನಲ್ಲಿರುವ ದನಿಯನ್ನು ಮುಟ್ಟದೆ, ಯಾವ ತುಂಡು ಯಾವಾಗ ನುಡಿಯಬೇಕು ಎಂಬ ಪಟ್ಟಿ ಇಟ್ಟುಕೊಳ್ಳುವ ಪದ್ಧತಿ ಅಲ್ಲಿಂದ ಬಲವಾಯಿತು.

ನಮ್ಮಂಥ ಪತ್ರಿಕೋದ್ಯಮ ಕಲಿತ ಹುಡುಗರ ಕೈಗೆ ಸಿಕ್ಕಿದ್ದು ಪುಕ್ಕಟೆಯ ಆಡಾಸಿಟಿ. 1999ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಝೋನಿ, ರೋಜರ್ ಡ್ಯಾನನ್‌ಬರ್ಗ್ ಶುರು ಮಾಡಿ, 2000ರ ಮೇ ತಿಂಗಳಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಸಾಫ್ಟ್‌ವೇರ್ ಇದು. ಬಹುಕಾಲ ಇದು ಅಳಿಸುವ ಜಾತಿಯದೇ ಆಗಿತ್ತು. ಕೆಲಸ ಮಾಡುತ್ತಿರುವಷ್ಟು ಹೊತ್ತು ‘ಅನ್‌ಡೂ’ ಒತ್ತಿ ಹಿಂದೆ ಹೋಗಬಹುದು. ಸೇವ್ ಮಾಡಿ ಮುಚ್ಚಿದರೆ ಹಿಂದಿನ ದಾರಿ ಮುಚ್ಚಿತು. 2021ರ 3.1 ಆವೃತ್ತಿಯಲ್ಲಿ ತುಣುಕಿನ ಅಂಚು ಎಳೆದು ಮರೆಮಾಡುವ, ಬೇಕೆಂದಾಗ ಮತ್ತೆ ಎಳೆದು ಬಿಚ್ಚುವ ಸೌಲಭ್ಯ ಬಂತು. 2022ರ 3.2ರಲ್ಲಿ ಮೂಲ ಮುಟ್ಟದೆ ನುಡಿಸುವಾಗಲೇ ದನಿ ಬದಲಿಸುವ ಸೌಲಭ್ಯ ಸೇರಿತು. ಡಿಲೀಟ್ ಒತ್ತಿದರೆ ಮಾತ್ರ ಈಗಲೂ ಡಿಲೀಟೇ.

ಪೂರ್ತಿ ಇಟ್ಟುಕೊಂಡವರು

ಕರ್ನಾಟಕದಲ್ಲಿ ಸರಿಯಾಗಿ ಮಾಡಿದವರೂ ಇದ್ದಾರೆ. 1990ರ ಡಿಸೆಂಬರಿನಲ್ಲಿ ದಕ್ಷಿಣ ಕನ್ನಡದಲ್ಲಿ ಗೋಪಾಲ ನಾಯ್ಕ ಎಂಬ ಕಲಾವಿದರು ತುಳುವಿನ ಸಿರಿ ಮಹಾಕಾವ್ಯವನ್ನು ದಿನಗಟ್ಟಲೆ ಹಾಡಿದರು. ಫಿನ್‌ಲ್ಯಾಂಡಿನ ವಿದ್ವಾಂಸ ಲೌರಿ ಹೊಂಕೊ, ನಮ್ಮ ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಅದನ್ನು ದನಿಯಲ್ಲೂ ದೃಶ್ಯದಲ್ಲೂ ಮುದ್ರಿಸಿಕೊಂಡರು. 1998ರಲ್ಲಿ ಪುಸ್ತಕವಾದಾಗ ಅದು 15,683 ಸಾಲು. ಹಾಡು ಅಕ್ಷರವಾದದ್ದು ಹೇಗೆ ಎಂಬುದಕ್ಕೇ ಹೊಂಕೊ ಇನ್ನೊಂದು ಪುಸ್ತಕ ಬರೆದರು. ಅಚ್ಚಾದ ಪುಸ್ತಕ ಒಂದು ಎಡಿಟಿಂಗ್. ಅನುಮಾನ ಬಂದರೆ ಮೂಲ ಟೇಪಿಗೆ ಹೋಗಿ ಕೇಳಬಹುದು. ಅದೇ ದೊಡ್ಡದು.

ನ್ಯಾಯಾಲಯ ಕೇಳುವುದೂ ಇದನ್ನೇ. 1985ರಲ್ಲಿ ಹರಿಯಾಣದ ಒಂದು ಚುನಾವಣಾ ತಕರಾರಿನಲ್ಲಿ, ರಾಮ್ ಸಿಂಗ್ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ಟೇಪ್ ಸಾಕ್ಷ್ಯಕ್ಕೆ ಷರತ್ತು ಹೇಳಿತು: ದನಿ ಯಾರದೆಂದು ಗುರುತಿಸಬೇಕು, ಅಳಿಸಿದ, ತಿದ್ದಿದ ಸಾಧ್ಯತೆ ಇಲ್ಲವೆಂದು ತೋರಿಸಬೇಕು, ಟೇಪನ್ನು ಮುದ್ರೆ ಹಾಕಿ ಜೋಪಾನ ಮಾಡಿರಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಫೈಲಿನ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಎಂದರೆ ಫೈಲಿನ ಹೆಬ್ಬೆಟ್ಟು ಎನ್ನಿ. ಒಂದು ಕೆಮ್ಮು ತೆಗೆದರೂ ಹೆಬ್ಬೆಟ್ಟು ಬದಲಾಗುತ್ತದೆ. ಲಂಚ ಕೇಳಿದ ಫೋನ್ ಮಾತನ್ನು ನೀವು ‘ಚೊಕ್ಕ’ ಮಾಡಿ ಮೂಲ ಅಳಿಸಿದರೆ, ಕೇಸಿನ ಕಾಲನ್ನು ನೀವೇ ಮುರಿದಂತೆ.

ಮರೆಮಾಡಿದ್ದು ಅಳಿದಿಲ್ಲ

ಇಷ್ಟು ಓದಿ ಉಳಿಸುವ ಎಡಿಟಿಂಗ್ ಯಾವಾಗಲೂ ಒಳ್ಳೆಯದು ಎಂದುಕೊಳ್ಳಬೇಡಿ. ನಾವು ಹಾಗೇ ಅಂದುಕೊಂಡು ಇನ್ನೊಮ್ಮೆ ಎಡವುತ್ತಿದ್ದೆವು.

ಒಬ್ಬ ಹೆಣ್ಣುಮಗಳು ಕೂಲಿ ದುಡ್ಡಿನ ವಿಷಯ ಮಾತಾಡಿದ್ದರು. ತನ್ನ ಹೆಸರು, ಮೇಸ್ತ್ರಿಯ ಹೆಸರು ತೆಗೆಯಿರಿ ಎಂದಿದ್ದರು. ನಾವು ಆ ಭಾಗದ ಅಂಚು ಎಳೆದು ಮರೆಮಾಡಿ, ಪ್ರಾಜೆಕ್ಟ್ ಫೈಲನ್ನೇ ಗೆಳೆಯನಿಗೆ ಕಳಿಸಲು ಹೊರಟೆವು. ಆತ ಅಂಚು ಎಳೆದಿದ್ದರೆ ಎರಡೂ ಹೆಸರು ಕೇಳುತ್ತಿದ್ದವು! ಮರೆಮಾಡಿದ್ದು ಫೈಲಿನೊಳಗೇ ಇತ್ತು. ಆಮೇಲೆ ಬೇಕಾದಷ್ಟನ್ನೇ ಹೊಸ ಫೈಲಾಗಿ ಹೊರತೆಗೆದು ಕಳಿಸಿದೆವು. ಸುದ್ದಿ ಮುಗಿದ ಮೇಲೆ ಆಕೆಯ ಇಚ್ಛೆಯಂತೆ ಮೂಲವನ್ನೂ ಅಳಿಸಿದೆವು.

ಅಂದರೆ ಅಳಿಸುವುದೂ ಒಮ್ಮೊಮ್ಮೆ ಧರ್ಮ. ದನಿ ಯಾರದೋ ಅವರು ಬೇಡವೆಂದರೆ ನಿಜವಾಗಿ ಅಳಿಸಬೇಕು. ಉಳಿಯಬೇಕಾದದ್ದು ಅರಿವಿಲ್ಲದೆ ಅಳಿಯಬಾರದು, ಅಳಿಯಬೇಕಾದದ್ದು ಅರಿವಿಲ್ಲದೆ ಉಳಿಯಬಾರದು. ಯಾವ ಕತ್ತರಿ ಹಿಡಿದಿದ್ದೇವೆ ಎಂದು ಗೊತ್ತಿರಬೇಕು, ಅಷ್ಟೇ.

ನಿಮ್ಮ ಫೋನಿನಲ್ಲಿ ಇಂದೇ ಮಾಡಬಹುದಾದದ್ದು

ನಿಮ್ಮ ಮನೆಯ ಹಿರಿಯರ ಹಾಡು, ಕಥೆ, ಜಮೀನಿನ ಹಳೆಯ ಸಂಗತಿ ಫೋನಿನಲ್ಲಿದ್ದರೆ ಇಷ್ಟು ಮಾಡಿ.

ಮೊದಲು ಮೂಲದ ಒಂದು ಪ್ರತಿಯನ್ನು ಮೆಮೊರಿ ಕಾರ್ಡಿಗೋ ಪೆನ್‌ಡ್ರೈವಿಗೋ ಹಾಕಿ. ಹೆಸರಿನಲ್ಲೇ ‘ಮೂಲ’, ಊರು, ದಿನಾಂಕ ಬರೆಯಿರಿ. ಅದು ಕ್ಯಾಸೆಟ್ಟಿನ ಹಲ್ಲು ಮುರಿದಂತೆ. ಅದನ್ನು ಎಡಿಟ್ ಮಾಡಲು ತೆರೆಯಲೇಬೇಡಿ.

ರೆಕಾರ್ಡರ್ ಆ್ಯಪಿನಲ್ಲಿ ಟ್ರಿಮ್ ಮಾಡಿದಾಗ ಮೂಲದ ಮೇಲೇ ಬರೆಯಲೇ, ಹೊಸ ಪ್ರತಿ ಮಾಡಲೇ ಎಂದು ಹಲವು ಆ್ಯಪ್‌ಗಳು ಕೇಳುತ್ತವೆ. ಹೊಸ ಪ್ರತಿ ಎಂದೇ ಒತ್ತಿ.

ಎಂಪಿ3 ಫೈಲನ್ನು ತೆರೆದು ಮತ್ತೆ ಮತ್ತೆ ಎಂಪಿ3 ಆಗಿಯೇ ಸೇವ್ ಮಾಡಬೇಡಿ. ಪ್ರತಿ ಸಲ ಹಿಂಡಿದಾಗಲೂ ದನಿಯ ಸಣ್ಣ ವಿವರ ಸೋರಿಹೋಗುತ್ತದೆ. ವಾಟ್ಸಾಪಿನಲ್ಲಿ ಕಳಿಸುವಾಗ ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಫೈಲು ಇದ್ದಂತೆಯೇ ಹೋಗುತ್ತದೆ.

ಪ್ರಾಜೆಕ್ಟ್ ಫೈಲು ಇದೆ, ಮೂಲ ಏಕೆ ಎಂದು ಮೂಲ ಅಳಿಸಬೇಡಿ. ಎಷ್ಟೋ ಸಾಫ್ಟ್‌ವೇರುಗಳ ಪ್ರಾಜೆಕ್ಟ್ ಎಂದರೆ ಬರೀ ಚೀಟಿ. ಚೀಟಿ ಹೇಳುವ ವಸ್ತುವೇ ಇಲ್ಲದಿದ್ದರೆ ಚೀಟಿ ಏನು ಮಾಡೀತು?

ಸೊಕ್ಕೆಯ ಆ ಮನೆಗೆ ನಾವು ಮತ್ತೆ ಹೋಗಿದ್ದೆವು. ಆದದ್ದನ್ನು ಮೊಮ್ಮಗಳಿಗೆ ಹೇಳಿದೆವು. ಆಕೆ ಬೇಜಾರು ಮಾಡಿಕೊಂಡಳು, ಬೈಯಲಿಲ್ಲ. ಅವಳ ಅಮ್ಮನಿಗೂ ನಾಲ್ಕು ಪದ ಬರುತ್ತವೆ ಎಂದು ಒಳಗಿನಿಂದ ಕರೆದಳು. ಅಮ್ಮ ನಾಚಿಕೊಂಡು, ಕೈ ಒರೆಸಿಕೊಂಡು, ಎರಡು ಸಲ ತಪ್ಪಿ, ನಕ್ಕು, ಆಮೇಲೆ ಹಾಡಿದರು. ಈ ಸಲ ಕೋಳಿಯ ಕೂಗೂ ಇದೆ, ನಗುವೂ ಇದೆ. ‘ಮೂಲ, ಸೊಕ್ಕೆ’ ಎಂದು ಹೆಸರಿಟ್ಟಿದ್ದೇವೆ. ಒಂದು ಪ್ರತಿ ನಮ್ಮಲ್ಲಿ, ಒಂದು ಆ ಹುಡುಗಿಯ ಫೋನಿನಲ್ಲಿ.